ಅಜ್ಜನ ಲೇತ್‌ಗೆ ವೈರ್ ಬ್ರಷ್ ಹಾಕ್ಬಹುದಾ? (ಓದುಗರ ಪ್ರಶ್ನೆಗೆ ಉತ್ತರ)

ಪ್ರಶ್ನೆ: ಸರ್, ಅಜ್ಜನ ಕಾಲದ ಒಂದು ಸಣ್ಣ ಲೇತು (ಲೋಹದ ತುಂಡು ತಿರುಗ್ಸಿ ಕಡಿಯೋ ಮೆಷಿನ್ನು), ಒಂದು ಬೆಂಚ್ ವೈಸು (ತುಂಡನ್ನ ಬಿಗಿಯಾಗಿ ಹಿಡ್ಕೊಳ್ಳೋ ಸಾಧನ) ಎಷ್ಟೋ ವರ್ಷದಿಂದ ಮನೆ ಹಿಂದಿನ ಶೆಡ್ಡಲ್ಲಿ ಟಾರ್ಪಾಲ್ ಹೊದ್ಕೊಂಡು ಕೂತಿದ್ವು. ಮೊನ್ನೆ ತೆಗೆದು ನೋಡಿದ್ರೆ ಮೈಯೆಲ್ಲಾ ತುಕ್ಕು. ಆಂಗಲ್ ಗ್ರೈಂಡರ್‌ಗೆ ವೈರ್ ಬ್ರಷ್ ಹಾಕಿ ಒಂದೇ ದಿನದಲ್ಲಿ ಫಳಫಳ ಮಾಡ್ಕೊಡ್ತೀನಿ ಅಂತಿದಾನೆ ಫ್ರೆಂಡು. ಹೂಂ ಅನ್ಲಾ?

ಉತ್ತರ: ವೈಸ್ ಬೇಕಾದ್ರೆ ಕೊಡಿ, ಲೇತ್ ಹತ್ರ ಮಾತ್ರ ಅವರನ್ನ ಬಿಟ್ಕೋಬೇಡಿ. ಕಟಿಂಗ್ ಟೂಲ್ ಹಿಡ್ಕೊಂಡಿರೋ ಕ್ಯಾರೇಜ್ ಓಡಾಡೋ ಉದ್ದನೆ ಹಳಿ, ಅದೇ ಬೆಡ್ ಇದೆಯಲ್ಲ, ಆ ನುಣುಪೇ ಲೇತ್‌ನ ಜೀವ. ನಮ್ಮ ತಲೆಕೂದಲು ಸುಮಾರು 0.07 ಮಿಲಿಮೀಟರ್ ದಪ್ಪ ಇರುತ್ತೆ, ಬೆಡ್ಡಲ್ಲಿ ಅಷ್ಟು ಸವೆದ್ರೂ ಲೇತ್‌ಗೆ ಅದು ದೊಡ್ಡ ಲೆಕ್ಕವೇ, ಇನ್ನು ಗ್ರೈಂಡರ್ ಆಡ್ಸಿದ್ರೆ ಎಲ್ಲಿ ಎಷ್ಟು ಹೋಯ್ತು ಅಂತ ಯಾರಿಗೆ ಗೊತ್ತಾಗುತ್ತೆ? ಬೆಡ್ ಮೇಲೆ ಸೀಮೆಎಣ್ಣೆ ಸುರಿದು ಒಂದು ರಾತ್ರಿ ಬಿಡಿ, ಬೆಳಿಗ್ಗೆ ಬ್ಲೇಡ್ ಓರೆ ಹಿಡಿದು ತುಕ್ಕು ಕೆರೆದು ತೆಗೀರಿ, ಆಮೇಲೆ ಎಣ್ಣೆ ಹಚ್ಚಿದ ನೈಲಾನ್ ಪ್ಯಾಡಲ್ಲಿ ಮೆಲ್ಲಗೆ ಉಜ್ಜಿ. ಕಪ್ಪು ಕಲೆ ಉಳ್ಕೊಂಡ್ರೆ ಉಳೀಲಿ, ಅದ್ರಿಂದ ಏನೂ ತೊಂದ್ರೆ ಇಲ್ಲ. ನಾವು ತೆಗೀತಿರೋದು ತುಕ್ಕನ್ನ, ಕಬ್ಬಿಣಾನಲ್ಲ.

ಸ್ವಿಚ್ ಹಾಕೋ ಆಸೆ ಆಗೇ ಆಗುತ್ತೆ, ತಡ್ಕೊಳ್ಳಿ. ಒಳಗಿನ ಹಳೇ ಗ್ರೀಸ್ ಒಣಗಿ ಮೇಣ ಆಗಿರುತ್ತೆ, ಎಣ್ಣೆ ತೂತುಗಳು ಕಟ್ಕೊಂಡಿರುತ್ವೆ. ಅವನ್ನೆಲ್ಲ ಕ್ಲೀನ್ ಮಾಡಿ, ಹೊಸ ಎಣ್ಣೆ ಬಿಟ್ಟು, ಮೊದಲು ಚಕ್ಕನ್ನ, ಅಂದ್ರೆ ತುಂಡು ಹಿಡ್ಕೊಂಡು ತಿರುಗೋ ಭಾಗಾನ, ಕೈಯಲ್ಲೇ ತಿರುಗ್ಸಿ. ಮೋಟರ್ ವೈರಿನ ರಬ್ಬರ್ ಪುಡಿಪುಡಿ ಆಗ್ತಿದ್ರೆ ಎಲೆಕ್ಟ್ರಿಷಿಯನ್ ಹತ್ರ ಇನ್ಸುಲೇಷನ್, ಅರ್ತಿಂಗ್ ಎರಡೂ ಚೆಕ್ ಮಾಡ್ಸದೆ ಕರೆಂಟ್ ಕೊಡ್ಲೇಬೇಡಿ.

ಇನ್ನೊಂದು ವಿಷ್ಯ. ಕ್ಯಾರೇಜ್ ಲೂಸ್ ಅಂತ ಗಿಬ್ ಸ್ಕ್ರೂ (ಸಡಿಲ ಸರಿಮಾಡೋ ಪಟ್ಟಿಯ ಸ್ಕ್ರೂ) ಟೈಟ್ ಮಾಡೋಕೆ ಹೋಗ್ತೀರ, ಚಕ್ ಹತ್ರ ಸರಿಯಾಗುತ್ತೆ, ಎದುರು ತುದಿಯ ಟೇಲ್‌ಸ್ಟಾಕ್ ಕಡೆ ತಳ್ಳಿದ್ರೆ ಗಪ್ಪಂತ ಹಿಡ್ಕೊಂಡು ನಿಲ್ಲುತ್ತೆ. ಗಿಬ್‌ದು ತಪ್ಪಲ್ಲ. ಅಷ್ಟೂ ವರ್ಷ ಹೆಚ್ಚಿನ ಕೆಲಸ ನಡೆದಿದ್ದು ಚಕ್ ಪಕ್ಕದಲ್ಲೇ, ಹಾಗಾಗಿ ಬೆಡ್ ಅಲ್ಲೇ ಜಾಸ್ತಿ ಸವೆದಿರುತ್ತೆ. ಎರಡೂ ಕಡೆ ಓಡಾಡೋ ಹಾಗೆ ಒಂಚೂರು ಸಡಿಲ ಬಿಟ್ಟು ಕೆಲಸ ಮಾಡ್ಕೊಳ್ಳಿ.

ಪ್ರಶ್ನೆ: ಬ್ಯಾಟರಿ ಚಾರ್ಜರ್‌ನಲ್ಲಿ ತುಕ್ಕು ತೆಗೀಬಹುದಂತೆ, ನಿಜಾನಾ?

ಉತ್ತರ: ನಿಜ, ನೋಡೋಕೂ ಮಜಾ ಇರುತ್ತೆ. ಪ್ಲಾಸ್ಟಿಕ್ ಬಕೆಟ್ ನೀರಿಗೆ ವಾಷಿಂಗ್ ಸೋಡಾ ಹಾಕಿ, 4 ಲೀಟರ್‌ಗೆ ಒಂದು ದೊಡ್ಡ ಚಮಚ ಸಾಕು. ತುಕ್ಕಿನ ಪಾರ್ಟ್‌ಗೆ ಮೈನಸ್, ಪಕ್ಕದಲ್ಲಿ ಮುಟ್ಟದ ಹಾಗೆ ಇಳಿಬಿಟ್ಟ ಹಳೇ ಕಬ್ಬಿಣದ ಪಟ್ಟಿಗೆ ಪ್ಲಸ್. ಉಲ್ಟಾ ಕೊಟ್ರೆ ನಿಮ್ಮ ಪಾರ್ಟೇ ಕರಗೋಕೆ ಶುರುವಾಗುತ್ತೆ. 12 ವೋಲ್ಟಲ್ಲಿ ಗುಳ್ಳೆ ಏಳುತ್ತೆ, ಅದು ಹೈಡ್ರೋಜನ್, ಬೆಂಕಿ ಹತ್ಕೊಳ್ಳೋ ಗ್ಯಾಸು, ಬಾಗಿಲು ತೆರೆದಿಟ್ಟು ಮಾಡಿ. ಪಟ್ಟಿಗೆ ಸ್ಟೇನ್‌ಲೆಸ್ ಸ್ಟೀಲ್ ಬೇಡವೇ ಬೇಡ, ವಿಷದ ಕ್ರೋಮಿಯಂ ನೀರಿಗಿಳಿಯುತ್ತೆ. ಸೋಡಾ ಬದಲು ಉಪ್ಪು ಹಾಕಿದ್ರೆ ಕ್ಲೋರಿನ್ ಬರುತ್ತೆ. ಅಲ್ಯೂಮಿನಿಯಂ ಪಾರ್ಟ್ ಮುಳುಗಿಸ್ಬೇಡಿ, ಸೋಡಾ ಅದನ್ನ ತಿಂದುಹಾಕುತ್ತೆ. ಪಟ್ಟಿ ಎದುರಿಗಿರೋ ಮುಖ ಬೇಗ ಕ್ಲೀನ್ ಆಗೋದ್ರಿಂದ ನಡುವೆ ಒಂದ್ಸಲ ಸ್ವಿಚ್ ಆಫ್ ಮಾಡಿ ಪಾರ್ಟ್ ತಿರುಗ್ಸಿಡಿ. ಹೊರಗೆ ತೆಗೆದ ತಕ್ಷಣ ತೊಳೆದು ಒರೆಸಿ ಎಣ್ಣೆ ಹಚ್ಚಿ, ಫೋನ್ ಬಂತು ಅಂತ ಆ ಕಡೆ ಹೋದ್ರೆ ವಾಪಸ್ ಬರೋಷ್ಟ್ರಲ್ಲಿ ಮತ್ತೆ ಕೆಂಪಗಾಗಿರುತ್ತೆ.

ಪ್ರಶ್ನೆ: ಹಳೇ ಬೆಂಚ್ ಗ್ರೈಂಡರ್, ಎಡಗಡೆ ನಟ್ ಎಷ್ಟು ಬಲ ಹಾಕಿದ್ರೂ ಬಿಚ್ಕೊಳ್ತಿಲ್ಲ.

ಉತ್ತರ: ನೀವು ಟೈಟ್ ಮಾಡ್ತಿದ್ದೀರ! ಎಡಗಡೆದು ಉಲ್ಟಾ ಥ್ರೆಡ್ಡು, ಚಕ್ರ ತಿರುಗ್ತಾ ತಿರುಗ್ತಾ ನಟ್ ಬಿಚ್ಕೋಬಾರ್ದು ಅಂತ ಹಾಗೆ ಮಾಡಿರ್ತಾರೆ. ನಾನೂ ಒಂದ್ಸಲ ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ ನೇತಾಡಿ ಒಂದು ಚಕ್ರ ಸೀಳಿದವನೇ.

ಬಿಚ್ಚಿದ್ಮೇಲೆ ಹಳೇ ಕಲ್ಲನ್ನ, ಅಂದ್ರೆ ಆ ಉಜ್ಜೋ ಚಕ್ರಾನ, ನಂಬ್ಬೇಡಿ. ಒಣಗಿದ ಕಲ್ಲನ್ನ ಬೆರಳಿಗೆ ನೇತುಹಾಕಿ ಸ್ಕ್ರೂಡ್ರೈವರ್‌ನ ಪ್ಲಾಸ್ಟಿಕ್ ಹಿಡಿಯಿಂದ ಮೆಲ್ಲಗೆ ತಟ್ಟಿ. ಟಿಣ್ ಅಂದ್ರೆ ಸದ್ಯಕ್ಕೆ ಪರ್ವಾಗಿಲ್ಲ, ಡಬ್ ಅಂದ್ರೆ ಒಳಗೆ ಬಿರುಕಿದೆ, ಎಸೀರಿ. ಕಲ್ಲಿನ ಮೇಲೆ ಬರೆದಿರೋ ಆರ್‌ಪಿಎಂ ನಿಮ್ಮ ಗ್ರೈಂಡರ್‌ಗಿಂತ ಕಮ್ಮಿ ಇರಬಾರ್ದು, ಟೂಲ್ ರೆಸ್ಟಿಗೂ (ಉಜ್ಜೋವಾಗ ತುಂಡು ಊರೋ ಪಟ್ಟಿ) ಕಲ್ಲಿಗೂ ನಡುವೆ 3 ಮಿಲಿಮೀಟರ್‌ಗಿಂತ ಜಾಸ್ತಿ ಸಂದು ಬಿಡ್ಬೇಡಿ. ಮೊದಲ ಸಲ ಆನ್ ಮಾಡಿದಾಗ ಒಂದು ನಿಮಿಷ ಎದುರಿಗಲ್ಲ, ಪಕ್ಕಕ್ಕೆ ನಿಂತ್ಕೊಳ್ಳಿ.

ಪ್ರಶ್ನೆ: ಹಳೇ ಪೇಂಟ್ ಉಜ್ಜಿ ತೆಗೆದು ಹೊಸದು ಹೊಡೀಲಾ?

ಉತ್ತರ: ಹಳೇ ಪೇಂಟಲ್ಲಿ ಸೀಸ ಇರಬಹುದು, ಒಣಗಿದ್ದನ್ನ ಉಜ್ಜಿ ಧೂಳೆಬ್ಬಿಸ್ಬೇಡಿ. ತೆಗೀಲೇಬೇಕು ಅಂದ್ರೆ ಒದ್ದೆ ಮಾಡ್ಕೊಂಡು, ಮಾಸ್ಕ್ ಹಾಕ್ಕೊಂಡು, ಮಕ್ಕಳನ್ನ ದೂರ ಇಟ್ಟು ಕೆರೀರಿ. ನನ್ನ ಕೇಳಿದ್ರೆ, ಗಟ್ಟಿಯಾಗಿ ಅಂಟ್ಕೊಂಡಿರೋ ಪೇಂಟನ್ನ ಒರೆಸಿ ಹಾಗೇ ಬಿಟ್ಬಿಡಿ. ಹ್ಯಾಂಡಲ್ ಹತ್ರ ಅಜ್ಜನ ಕೈ ತಾಗಿ ಸವೆದಿರೋ ಜಾಗಕ್ಕೆ ಹೊಸ ಬಣ್ಣ ಯಾಕೆ ಬಳೀತೀರ.