ಶೆಡ್ಡು ಸೋರುತ್ತಿಲ್ಲ, ಬೆವರುತ್ತಿದೆ

ಪ್ರಶ್ನೆ: ಹೋದ ವರ್ಷ ಹಿತ್ತಲಲ್ಲಿ ಸಾಮಾನು ಇಡಲು 10 ಅಡಿಗೆ 12 ಅಡಿಯ ಶೆಡ್ ಕಟ್ಟಿಸಿದೆವು. ಸಿಮೆಂಟ್ ಬ್ಲಾಕಿನ ಗೋಡೆ, ಮೇಲೆ ತಗಡಿನ ಶೀಟು. ಕಳ್ಳರ ಭಯಕ್ಕೆ ಕಿಟಕಿ ಇಡಲಿಲ್ಲ. ಈ ಮಳೆಗಾಲದಲ್ಲಿ ಬೆಳಗ್ಗೆ ಬಾಗಿಲು ತೆಗೆದರೆ ಶೀಟಿನಿಂದ ಹನಿ ಬೀಳುತ್ತದೆ, ನೋಡಿದರೆ ಎಲ್ಲೂ ತೂತಿಲ್ಲ. ಕತ್ತಿ, ಹಾರೆ ತುಕ್ಕು ಹಿಡಿದಿವೆ. ಎರಡು ಮೂಟೆ ಚಾಲಿ ಅಡಿಕೆಗೆ ಬೂಸ್ಟು ಬಂದಿದೆ. ಕಳೆ ಹೊಡೆಯುವ ಮೆಷಿನ್ನಿನ ಪೆಟ್ರೋಲ್ ವಾಸನೆ ಬೇರೆ. ಎಕ್ಸಾಸ್ಟ್ ಫ್ಯಾನ್ ಹಾಕಿಸಿದರೆ ಸರಿಹೋಗುತ್ತದಾ?
– ಓದುಗರು, ಸಾಗರ ತಾಲ್ಲೂಕು

ಉತ್ತರ: ಮೊದಲು ಆ ಚಾಲಿ ಮೂಟೆಗಳನ್ನು ಇವತ್ತೇ ಮನೆಯ ಅಟ್ಟಕ್ಕೆ ಸಾಗಿಸಿ. ಬೂಸ್ಟು ಬಂದದ್ದನ್ನು ಆರಿಸಿ ಬೇರೆ ಇಡಿ. ಮಲೆನಾಡಿನ ಆಷಾಢದಲ್ಲಿ ಹೊರಗಿನ ಗಾಳಿಯೇ ಒದ್ದೆ, ಹಾಗಾಗಿ ಎಷ್ಟು ಗಾಳಿ ಆಡಿಸಿದರೂ ಆ ಶೆಡ್ಡು ಅಡಿಕೆ ಇಡುವ ಜಾಗ ಆಗುವುದಿಲ್ಲ.

ಇನ್ನು ಹನಿಯ ವಿಷಯ. ತಣ್ಣೀರು ತುಂಬಿದ ಚೊಂಬಿನ ಹೊರಮೈ ಒದ್ದೆಯಾಗುತ್ತದೆ ಅಲ್ವಾ, ಇದೂ ಅದೇ. ಮಳೆ ಬಿದ್ದು ಶೀಟು ತಣ್ಣಗಾಗುತ್ತದೆ, ಒಳಗಿನ ಬೆಚ್ಚಗಿನ ಹಸಿ ಗಾಳಿ ಅದಕ್ಕೆ ತಾಗಿ ಹನಿಗಟ್ಟಿ ತೊಟ್ಟಿಕ್ಕುತ್ತದೆ. ಹಳೇ ಹೆಂಚಿನ ಕೊಟ್ಟಿಗೆಯಲ್ಲಿ ಈ ತಾಪತ್ರಯ ಕಮ್ಮಿ, ಯಾಕೆಂದರೆ ಹೆಂಚುಗಳ ಸಂದಿಯಲ್ಲೇ ಗಾಳಿ ಓಡಾಡುತ್ತಿತ್ತು.

ಫ್ಯಾನಿಗೆ ಸುಮ್ನೆ ದುಡ್ಡು ಹಾಕಬೇಡಿ. ಗಾಳಿ ಒಳಗೆ ಬರಲು ದಾರಿಯೇ ಇಲ್ಲದಿದ್ದರೆ ಅದು ಏನನ್ನು ಎಳೆದು ಹೊರಗೆ ಹಾಕಬೇಕು? ಅದೂ ಅಲ್ಲದೆ ಪೆಟ್ರೋಲ್ ಆವಿ ತುಂಬಿದ ಮುಚ್ಚಿದ ಕೋಣೆಯಲ್ಲಿ ಮಾಮೂಲಿ ಫ್ಯಾನಿನ ಒಂದು ಕಿಡಿ ಸಾಕು, ಬೆಂಕಿ ಹತ್ತಲು.

ನೀವು ಮಾಡಬೇಕಾದದ್ದು ಇಷ್ಟು. ಮಳೆ ಬಿಟ್ಟ ದಿನ ಮೇಸ್ತ್ರಿಯನ್ನು ಕರೆಸಿ, ಒಂದು ಗೋಡೆಯಲ್ಲಿ ನೆಲದಿಂದ ಒಂದು ಗೇಣು ಮೇಲೆ ಎರಡು ಕಿಂಡಿ, ಎದುರು ಗೋಡೆಯಲ್ಲಿ ಶೀಟಿಗೆ ತಾಗಿದಂತೆ ಇನ್ನೆರಡು ಕಿಂಡಿ ತೆಗೆಸಿ. ಒಂದೊಂದೂ ಒಂದಡಿ ಚದರ ಇದ್ದರೆ ನಿಮ್ಮ ಅಳತೆಯ ಶೆಡ್ಡಿಗೆ ಧಾರಾಳ ಆಯಿತು. ಬಿಸಿ ಗಾಳಿ ಮೇಲಿಂದ ಹೊರಗೆ ಹೋಗುತ್ತದೆ, ಕೆಳಗಿಂದ ಹೊಸ ಗಾಳಿ ಬರುತ್ತದೆ. ಎಲ್ಲ ಕಿಂಡಿಗಳನ್ನೂ ಒಂದೇ ಎತ್ತರಕ್ಕೆ ಇಟ್ಟರೆ ಈ ಓಟ ಅಷ್ಟು ಚೆನ್ನಾಗಿ ಆಗುವುದಿಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಕೂರುತ್ತದೆ, ಅದಕ್ಕೂ ಕೆಳಗಿನ ಕಿಂಡಿ ಬೇಕೇ ಬೇಕು. ಆದರೂ ಪೆಟ್ರೋಲ್ ಕ್ಯಾನನ್ನು ಅಲ್ಲಿ ಇಡಬೇಡಿ, ಮೆಷಿನ್ನಿನ ಟ್ಯಾಂಕನ್ನೂ ಖಾಲಿ ಮಾಡಿಯೇ ಇಡಿ.

ಪಡುವಣ ಗೋಡೆ ಮಾತ್ರ ಬೇಡ, ಮಳೆಗಾಲದ ಇರಚಲು ನೇರ ಒಳಗೆ ಹೊಡೆಯುತ್ತದೆ. ತೆಂಕು, ಬಡಗು ಗೋಡೆ ಒಳ್ಳೆಯದು. ಕಿಂಡಿಗೆ ಕಾಲು ಇಂಚಿನ ತಂತಿ ಬಲೆ ಹೊಡೆಸಿ. ಪ್ಲಾಸ್ಟಿಕ್ಕಿನ ಸೊಳ್ಳೆ ಪರದೆ ಹಾಕಿದರೆ ಇಲಿ ಕಡಿಯುತ್ತದೆ, ಧೂಳು ಕಟ್ಟಿ ಗಾಳಿಯೂ ನಿಲ್ಲುತ್ತದೆ. ಕಳ್ಳರ ಚಿಂತೆ ಇದ್ದರೆ ಅಡ್ಡ ಎರಡು ಸರಳು ಸಾಕು.

ಒಂದು ಪರೀಕ್ಷೆ ಮಾಡಿ. ಎರಡಡಿ ಪ್ಲಾಸ್ಟಿಕ್ ಹಾಳೆಯನ್ನು ಶೆಡ್ಡಿನ ನೆಲಕ್ಕೆ ನಾಲ್ಕೂ ಕಡೆ ಟೇಪ್ ಹಚ್ಚಿ ಅಂಟಿಸಿ, ಮರುದಿನ ಎತ್ತಿ ನೋಡಿ. ಹಾಳೆಯ ಅಡಿಯಲ್ಲಿ ಹನಿ ಕೂತಿದ್ದರೆ ತೇವ ನೆಲದಿಂದಲೂ ಏರುತ್ತಿದೆ ಅಂತ ಅರ್ಥ. ಹಾಗಿದ್ದರೆ ಇನ್ನೊಮ್ಮೆ ಬರೆಯಿರಿ, ನೆಲ ಯಾವ ಥರದ್ದು ಅಂತಲೂ ತಿಳಿಸಿ.