ಮೂಡಿಗೆರೆ ಕಡೆ ಕಾಫಿ ತೋಟದ ಲೈನುಗಳಲ್ಲಿ (ಕೂಲಿಯವರ ಸಾಲುಮನೆಗಳಲ್ಲಿ) ವಲಸೆ ಕುಟುಂಬಗಳ ಫೋಟೋ ತೆಗೆಯಲು 35 ಎಂಎಂ ಲೆನ್ಸ್ ಒಳ್ಳೆಯದೋ, 85 ಎಂಎಂ ಒಳ್ಳೆಯದೋ?

ಲೆನ್ಸ್ ವಿಷಯ ಆಮೇಲೆ. ಅಮೆರಿಕದ ವಲಸೆ ತಾಯಿಯೊಬ್ಬರ ಆ ಹೆಸರಾಂತ ಫೋಟೋ ‘ಮೈಗ್ರೆಂಟ್ ಮದರ್‌’ನಂಥ ಒಂದೇ ಒಂದು ಫೋಟೋ ಸಿಕ್ಕರೆ ಸಾಕು ಅಂತ ಬರೆದಿದ್ದೀರಲ್ಲ, ಅದನ್ನು ಓದಿ ಹೊಟ್ಟೆ ಚುರ್ ಅಂತು. ನಾನೂ ಅದೇ ಹುಚ್ಚಿನಲ್ಲಿ ಲೈನು ಲೈನು ಸುತ್ತಿದವನು.

2003ರ ಜನವರಿ, ರೋಬಸ್ಟಾ ಕೊಯ್ಲು. ಕಾಫಿ ಬೆಲೆ ನೆಲ ಕಚ್ಚಿತ್ತು, ತೋಟದವರೇ ಸಾಲದಲ್ಲಿದ್ದರು. ಅತ್ತ ರಾಯಚೂರು ಕಡೆ ಬರ, ಅಲ್ಲಿಂದ ಜನ ಕೂಲಿಗೆ ಬಂದಿದ್ದರು. ಒಂದು ಲೈನಿನ ಬಾಗಿಲಲ್ಲಿ ಹೆಂಗಸೊಬ್ಬರು ಕೂತಿದ್ದರು. ಮಡಿಲಲ್ಲಿ ಕೂಸು, ಬೆನ್ನಿಗೆ ಒರಗಿದ ಹುಡುಗಿ. ರೋಲಿನಲ್ಲಿ ಆರು ಫ್ರೇಮ್ ಉಳಿದಿತ್ತು, ಆರೂ ಹೊಡೆದೆ.

ತಪ್ಪು ಆಗಿದ್ದು ಇದಾದ ಮೇಲೆ. ‘ಇವರದ್ದೇನು ಕಥೆ?’ ಅಂತ ಮೇಸ್ತ್ರಿಯನ್ನು ಕೇಳಿದೆ. ‘ಎತ್ತು ಮಾರ್ಕೊಂಡು ಬಂದವ್ರೆ ಸಾರ್’ ಅಂದ. ಬರೆದುಕೊಂಡೆ. ಆಕೆ ಮೂರು ಅಡಿ ದೂರದಲ್ಲಿದ್ದರು. ಕನ್ನಡದವರು. ಈಗಿನ ಹಾಗೆ ಅಸ್ಸಾಮಿನವರಾಗಿದ್ದರೆ ಭಾಷೆಯ ನೆಪವಾದರೂ ಇರುತ್ತಿತ್ತು. ನಾನು ಅವಸರದಲ್ಲೂ ಇರಲಿಲ್ಲ, ಆಮೇಲೆ ಮೇಸ್ತ್ರಿ ಜೊತೆ ಕೂತು ಅರ್ಧ ಗಂಟೆ ಕಾಫಿ ಕುಡಿದೆ. ಸುಮ್ನೆ ಕೇಳಲಿಲ್ಲ, ಅಷ್ಟೇ. ಹೆಸರೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ ‘ಎತ್ತು ಮಾರಿದರು’ ಅನ್ನುವುದು ಫೋಟೋದ ಕೆಳಗೆ ಚೆನ್ನಾಗಿ ಕೂರುತ್ತಿತ್ತು. ಕೇಳಿದರೆ ಎಲ್ಲಿ ಕೆಡುತ್ತದೋ ಅಂತ ಒಳಗೊಳಗೇ ಇತ್ತೇನೋ.

ಫೋಟೋ ಪತ್ರಿಕೆಯಲ್ಲಿ ಬಂತು. ಎರಡು ವಾರ ಬಿಟ್ಟು ಪ್ರಿಂಟು ಕೊಡೋಣ ಅಂತ ಹೋದರೆ ಬಾಗಿಲಿಗೆ ಬೀಗ. ಪಕ್ಕದ ಮನೆಯಲ್ಲಿದ್ದ ಅವರ ಊರಿನವರೇ ಒಬ್ಬರು ಹೊರಗೆ ಬಂದರು. ‘ಎತ್ತು ಮಾರ್ಯಾರಂತ ನಿಮಗ ಯಾರ್ ಹೇಳಿದ್ರೀ? ಅವು ಆಕಿ ತವರುಮನ್ಯಾಗ ಅದಾವು.’ ಆ ಎತ್ತುಗಳನ್ನು ತೋರಿಸಿಯೇ ಸಾಲ ತಂದಿದ್ದರಂತೆ. ಊರಲ್ಲಿ ಸಾಲ ಕೊಟ್ಟವನು ಪೇಪರ್ ಓದಿ ತವರುಮನೆ ಬಾಗಿಲಿಗೆ ಹೋಗಿ ಗಲಾಟೆ ಮಾಡಿದ್ದಾನೆ. ಇವರು ಕೊಯ್ಲು ಅರ್ಧಕ್ಕೇ ಬಿಟ್ಟು ಓಡಿದ್ದಾರೆ.

ನೀವು ಹೇಳುವ ಆ ಫೋಟೋದ ಕಥೆಯೂ ಹೆಚ್ಚುಕಡಿಮೆ ಇದೇ. 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ, ಬಟಾಣಿ ಕೊಯ್ಯುವವರ ಬಿಡಾರದಲ್ಲಿ ಡೊರೊಥಿಯಾ ಲ್ಯಾಂಗ್ ತೆಗೆದದ್ದು. ಆಕೆಯೂ ಹೆಸರು ಕೇಳಲಿಲ್ಲ. ಕಾರಿನ ಟೈರ್ ಮಾರಿ ಊಟ ತಂದರು ಅಂತ ಬರೆದಳು. ಮಾರೋಕೆ ನಮ್ಮ ಹತ್ತಿರ ಟೈರೇ ಇರಲಿಲ್ಲ ಅಂತ ಆ ತಾಯಿಯ ಮಗ ಆಮೇಲೆ ಹೇಳಿದ. ಪತ್ರಿಕೆಯಲ್ಲಿ ಫೋಟೋ ಬಂದ ಮೇಲೆ ಸರ್ಕಾರ ಬಿಡಾರಕ್ಕೆ 20,000 ಪೌಂಡ್ ಆಹಾರ ಕಳಿಸಿತು, ಅಷ್ಟರಲ್ಲಿ ಆ ಕುಟುಂಬ ಅಲ್ಲಿಂದ ಹೊರಟಾಗಿತ್ತು. ಆ ತಾಯಿಯ ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಜಗತ್ತಿಗೆ ಗೊತ್ತಾಗಿದ್ದು 1978ರಲ್ಲಿ. ಫೋಟೋ ದೊಡ್ಡದು, ನಾನು ಇಲ್ಲ ಅನ್ನಲ್ಲ. ಆದರೆ ಆಕೆಗೆ ಅದರಿಂದ ಬೇಜಾರೇ ಆಗಿತ್ತು, ಅಲ್ವಾ?

ಹಾಗಾಗಿ ‘ಒಂದು ಫೋಟೋ’ ಹುಡುಕಿಕೊಂಡು ಹೋಗುವುದಾದರೆ ಹೋಗಲೇಬೇಡಿ. ಸಂತೆ ದಿನ ಹೋಗಿ, ಕೆಲಸಕ್ಕೆ ರಜೆ ಇರುತ್ತದೆ. ಮೊದಲ ಸಲ ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ. ಮೇಸ್ತ್ರಿ, ರೈಟರ್ (ತೋಟದ ಲೆಕ್ಕ ಬರೆಯುವವನು) ಹೇಳಿದ್ದನ್ನು ಬರೆಯಬೇಡಿ. ಬರೆದದ್ದನ್ನು ಆ ಕುಟುಂಬದವರಿಗೇ ಓದಿ ಹೇಳಿ, ಬೇಡ ಅಂದದ್ದನ್ನು ಹೊಡೆದುಹಾಕಿ.

ಇನ್ನು ಲೆನ್ಸು. 35 ತೊಗೊಳ್ಳಿ. ಲೈನಿನ ಕೋಣೆಯಲ್ಲಿ 85 ಹಿಡಿದು, ಎಲ್ಲರೂ ಫ್ರೇಮಿಗೆ ಬರಲಿ ಅಂತ ಹಿಂದೆ ಸರಿದರೆ ಬೆನ್ನು ಒಲೆಗೆ ತಾಗುತ್ತದೆ.