ವಾರ್ಷಿಕ ಸಮ್ಮೇಳನದಿಂದ ನಮ್ಮ ಸಭೆಗೆ ಏನು ಪ್ರಯೋಜನ?

ಪ್ರೊಟೆಸ್ಟೆಂಟ್ ಕ್ರೈಸ್ತ ಪಂಗಡವಾದ ಮೆಥಡಿಸ್ಟರ ಮುಂಬಯಿ ಕನ್ನಡ ಸಭೆಗೆ, ಪ್ರದೇಶದ ಸಭೆಗಳ ಪಾಲಕರೂ ಪ್ರತಿನಿಧಿಗಳೂ ವರ್ಷಕ್ಕೊಮ್ಮೆ ಸೇರುವ ವಾರ್ಷಿಕ ಸಮ್ಮೇಳನದಿಂದ ಏನು ಪ್ರಯೋಜನವೆಂಬ ಪ್ರಶ್ನೆಗೆ ಸಭಾಪಾಲಕನಾಗಿ ಉತ್ತರಿಸುತ್ತೇನೆ.

ಸಭೆಯ ಜೀವ ಇರುವುದು ಭಾನುವಾರದ ಆರಾಧನೆಯಲ್ಲಿ: ದುರಸ್ತಿಗಾಗಿ ಲೋಕಲ್ ರೈಲುಗಳ ಓಡಾಟ ಕಡಿತಗೊಳಿಸುವ ಮೆಗಾ ಬ್ಲಾಕ್ ಇದ್ದರೂ ಕಲ್ಯಾಣ, ಡೊಂಬಿವಲಿಗಳಿಂದ ಗಾಡಿ ಬದಲಿಸಿ ಬರುವ ಬೀದರ್, ಕಲಬುರಗಿ ಮೂಲದ ಕುಟುಂಬಗಳು, ಆರಾಧನೆ ಮುಗಿದ ಮೇಲೂ ಬಾಗಿಲ ಬಳಿ ನಿಂತು ಮಗನ ಕೆಲಸಕ್ಕಾಗಿ ಪ್ರಾರ್ಥನೆ ಕೇಳುವ ತಾಯಂದಿರು, ಕನ್ನಡ ಓದಲು ಬಾರದಿದ್ದರೂ ಕೀರ್ತನೆಗಳನ್ನು ಬಾಯಿಪಾಠವಾಗಿ ಹಾಡುವ ಮಕ್ಕಳು.

ಸಮ್ಮೇಳನದ ಕೆಲಸ ಬೇರೆ. 1744ರಲ್ಲಿ ಮೆಥಡಿಸ್ಟ್ ಚಳವಳಿಯ ಸ್ಥಾಪಕ ಜಾನ್ ವೆಸ್ಲಿ ಲಂಡನ್ನಿನಲ್ಲಿ ಕರೆದ ಮೊದಲ ಸಮ್ಮೇಳನ, ಏನನ್ನು ಬೋಧಿಸಬೇಕು, ಹೇಗೆ ಬೋಧಿಸಬೇಕು, ಏನು ಮಾಡಬೇಕು ಎಂಬ ಪ್ರಶ್ನೆಗಳನ್ನೇ ಎತ್ತಿಕೊಂಡಿತ್ತು. ಇಂದು ವರದಿ, ಲೆಕ್ಕಪತ್ರ, ಚುನಾವಣೆಗಳ ನಡುವೆ ಅವುಗಳಿಗೆ ಸಮಯ ಸಾಲುತ್ತಿಲ್ಲವೆಂಬ ನೋವು ನನಗಿದೆ. ಆದರೂ ಬಿಷಪರು ನೇಮಕಾತಿಗಳನ್ನು ಓದುವಾಗ, ಸಭಾಪಾಲಕನು ಒಂದೇ ಸಭೆಗಲ್ಲ, ಇಡೀ ಸಮ್ಮೇಳನಕ್ಕೆ ಸೇರಿದವನೆಂಬುದು ಸ್ಪಷ್ಟವಾಗುತ್ತದೆ. ತಾನಾಗಿಯೇ ಕನ್ನಡ ಬಲ್ಲ ಪಾಲಕರನ್ನು ಹುಡುಕಿಕೊಳ್ಳಲಾರದ ಚಿಕ್ಕ ಸಭೆಗೆ ಇದು ದೊಡ್ಡ ಆಸರೆ. ಪ್ರತಿನಿಧಿಯಾಗಿ ಹೋದ ಸದಸ್ಯರು ಮರಳಿದ ಭಾನುವಾರವೇ ಅಲ್ಲಿನ ತೀರ್ಮಾನಗಳನ್ನು ಸಭೆಯ ಮುಂದೆ ಕನ್ನಡದಲ್ಲಿ ವಿವರಿಸಬೇಕೆಂದು ನಾನು ಒತ್ತಾಯಿಸುವುದೂ ಇದಕ್ಕಾಗಿಯೇ.